ಕಲ್ಲಿನೊಳಗಿನ ಬೀಜ: ಆಚಾರ್ಯ ಬೀರಬಲ್ ಸಾಹನಿಯವರ ಜೀವನ

ನವೆಂಬರ್ ತಿಂಗಳು ಬಂತೆಂದರೆ ದೆಹಲಿಯ ಕನ್ನಡಿಗರಾದ ನಮಗೆ ರಾಜ್ಯೋತ್ಸವದ ಸಡಗರ. ಊರಿಗೆ ಚಳಿ ಇಳಿಯುವುದೂ ಆ ಹೊತ್ತಿನಲ್ಲೇ. ಬೀದಿಯ ಮೂಲೆಗಳಲ್ಲಿ ಹುರಿದ ಕಡಲೆಕಾಯಿಯ ಗಾಡಿಗಳು ನಿಲ್ಲುತ್ತವೆ. ಒಣಹಣ್ಣಿನ ಅಂಗಡಿಗಳಲ್ಲಿ ಬಾದಾಮಿ, ಅಕ್ರೋಟುಗಳ ಪಕ್ಕದಲ್ಲಿ ಚಿಲ್ಗೋಜಾ ಎಂಬ ಉದ್ದನೆಯ, ಕಂದುಬಣ್ಣದ ಸಣ್ಣ ಬೀಜ ಕಾಣಿಸಿಕೊಳ್ಳುತ್ತದೆ. ಬೆಲೆ ಕೇಳಿದರೆ ಕೈ ಹಿಂದಕ್ಕೆ ಹೋಗುತ್ತದೆ. ಆದರೂ ಮನೆಗೆ ಬಂದ ನೆಂಟರ ಮುಂದೆ ನಾಲ್ಕು ಕಾಳಾದರೂ ಇಡಬೇಕೆಂಬ ಆಸೆಯಿಂದ ಕೊಳ್ಳುತ್ತೇವೆ. ಹಲ್ಲಿನಿಂದ ಸಿಪ್ಪೆ ಬಿಡಿಸಿ ತಿನ್ನುವಾಗ ಅದು ಯಾವ ಹಣ್ಣಿನ ಬೀಜವೆಂದು ನಮ್ಮಲ್ಲಿ ಕೇಳುವವರು ಕಡಿಮೆ. ಕೇಳಿದರೆ ಉತ್ತರ ವಿಚಿತ್ರವಾಗಿಯೇ ಇದೆ. ಅದು ಹಣ್ಣೇ ಬಿಡದ ಮರದ ಬೀಜ. ಕಿನ್ನೌರದ ಬೆಟ್ಟಗಳಲ್ಲಿ ಬೆಳೆಯುವ ಒಂದು ಜಾತಿಯ ಪೈನ್ ಮರದ ಶಂಕುವಿನಿಂದ ಅದನ್ನು ಬಿಡಿಸಿ ತಂದಿರುತ್ತಾರೆ.

ಇದೇ ನವೆಂಬರಿನ 14ನೆಯ ತಾರೀಖು ನೆಹರೂ ಅವರ ಜನ್ಮದಿನವೆಂದು ದೇಶವೆಲ್ಲ ಬಲ್ಲದು. ಅದೇ ದಿನ, ನೆಹರೂ ಅವರಿಗಿಂತ ಎರಡು ವರ್ಷ ತಡವಾಗಿ, ಇನ್ನೊಬ್ಬ ಮಹನೀಯರೂ ಹುಟ್ಟಿದರು. ಹಣ್ಣಿಲ್ಲದ ಮರಗಳ ಬೀಜದ ಗುಟ್ಟನ್ನು ಇಂದಿನ ಕಾಡುಗಳಲ್ಲಿಯೂ ಕೋಟ್ಯಂತರ ವರ್ಷಗಳ ಹಿಂದಿನ ಕಲ್ಲುಗಳಲ್ಲಿಯೂ ಹುಡುಕಿದವರು ಅವರು. ಆಚಾರ್ಯ ಬೀರಬಲ್ ಸಾಹನಿ ಎಂದು ಹೆಸರು. ಈ ಬಾರಿಯ ಸಂಚಿಕೆಯಲ್ಲಿ ಅವರ ಜೀವನವನ್ನು ವಾಚಕರ ಮುಂದಿಡಬೇಕೆಂದು ನಮಗೆ ತೋರಿತು.

ಸಾಹನಿಯವರು 1891ನೆಯ ಇಸವಿಯಲ್ಲಿ ಪಂಜಾಬಿನ ಭೇರಾ ಎಂಬ ಹಳೆಯ ಪಟ್ಟಣದಲ್ಲಿ ಹುಟ್ಟಿದರು. ಆ ಊರು ಈಗ ಪಾಕಿಸ್ತಾನದಲ್ಲಿದೆ. ತಾಯಿ ಈಶ್ವರದೇವಿ. ತಂದೆ ಲಾಲಾ ರುಚಿರಾಮ ಸಾಹನಿ ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರು. ರುಚಿರಾಮರ ವಿಷಯದಲ್ಲಿ ಒಂದು ಮಾತನ್ನು ನಾವು ಮರೆಯಬಾರದು. ವಿಜ್ಞಾನವು ಇಂಗ್ಲಿಷ್ ಬಲ್ಲವರ ಸೊತ್ತಾಗಿದ್ದ ಆ ಕಾಲದಲ್ಲಿ ಅವರು ಊರೂರಿಗೆ ಹೋಗಿ, ಅಂಗಡಿಕಾರರೂ ಕುಶಲಕರ್ಮಿಗಳೂ ಕೂಡಿದ ಸಭೆಗಳಲ್ಲಿ, ಪ್ರಯೋಗಗಳನ್ನು ಮಾಡಿ ತೋರಿಸುತ್ತ ಪಂಜಾಬಿಯಲ್ಲಿ ಉಪನ್ಯಾಸ ಕೊಡುತ್ತಿದ್ದರು. ತಾಯ್ನುಡಿಯಲ್ಲಿ ಶಾಸ್ತ್ರವನ್ನು ಹೇಳಬಹುದೇ ಎಂಬ ಚರ್ಚೆ ನಮ್ಮಲ್ಲಿ ಇಂದಿಗೂ ಮುಗಿದಿಲ್ಲ. ರುಚಿರಾಮರು ನೂರು ವರ್ಷಗಳಿಗೂ ಹಿಂದೆಯೇ ಅದನ್ನು ಹೇಳಿ ತೋರಿಸಿದ್ದರು.

ಅಂಥ ಮನೆಯಲ್ಲಿ ಬೆಳೆದ ಹುಡುಗನಿಗೆ ಗಿಡ, ಕಲ್ಲು, ಬೆಟ್ಟಗಳ ಹುಚ್ಚು ಹಿಡಿದದ್ದು ಆಶ್ಚರ್ಯವಲ್ಲ. ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ಶಿವರಾಮ ಕಶ್ಯಪರು ಅವರಿಗೆ ಸಸ್ಯಶಾಸ್ತ್ರದ ಗುರುಗಳಾದರು. ಗುರುಗಳ ಪ್ರೇರಣೆಯಿಂದ ಹಿಮಾಲಯದ ಕಣಿವೆಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿದರು. 1911ರಲ್ಲಿ ಪದವಿ ಮುಗಿಯಿತು. ಮಗನು ಐ.ಸಿ.ಎಸ್. ಪರೀಕ್ಷೆಗೆ ಕೂರಬೇಕೆಂದು ತಂದೆಯ ಮನಸ್ಸಿನಲ್ಲಿತ್ತೆಂದೂ, ಮಗನು ವಿನಯದಿಂದಲೇ ತನ್ನ ದಾರಿ ಬೇರೆಯೆಂದು ತಿಳಿಸಿದನೆಂದೂ ಹೇಳುತ್ತಾರೆ. ಅದೇ ವರ್ಷ ಅವರು ಕೇಂಬ್ರಿಜ್ಜಿಗೆ ಹೋಗಿ ಇಮ್ಯಾನ್ಯುಯೆಲ್ ಕಾಲೇಜನ್ನು ಸೇರಿದರು. ಅಲ್ಲಿ ದೊರೆತ ಗುರು ಆಲ್ಬರ್ಟ್ ಚಾರ್ಲ್ಸ್ ಸೀವರ್ಡ್. ಕಲ್ಲಾಗಿ ಹೋದ ಸಸ್ಯಗಳ ವಿಷಯದಲ್ಲಿ ಅವರು ಆ ಕಾಲದ ದೊಡ್ಡ ಪಂಡಿತರು. ಗುರುಶಿಷ್ಯರ ಆ ನಂಟು ಸೀವರ್ಡರ ಕೊನೆಯವರೆಗೂ ಉಳಿಯಿತು.

ಸಾಹನಿಯವರು ಮುಂದೆ ಮಾಡಿದ ಕೆಲಸ ತಿಳಿಯಬೇಕಾದರೆ ಪೈನ್ ಮರದ ಸಂಸಾರವನ್ನು ಸ್ವಲ್ಪ ನೋಡಬೇಕು. ದಸರಾ ರಜೆಯಲ್ಲಿ ಶಿಮ್ಲಾಕ್ಕೆ ಹೋಗಿ ಬಂದವರು ದೇವದಾರು ಮರಗಳ ಕೆಳಗೆ ಹಳದಿ ಹುಡಿ ಬಿದ್ದಿರುವುದನ್ನು ಕಂಡಿರಬಹುದು. ಅದು ಪರಾಗ. ಈ ಜಾತಿಯ ಮರಗಳಿಗೆ ಬಣ್ಣದ ಹೂವಿಲ್ಲ, ಮಕರಂದವಿಲ್ಲ. ಗಂಡು ಶಂಕು ಬೇರೆ, ಹೆಣ್ಣು ಶಂಕು ಬೇರೆ. ಗಂಡು ಶಂಕು ಮೆತ್ತಗಿದ್ದು, ಪರಾಗವನ್ನು ಗಾಳಿಗೆ ತೂರಿ ಉದುರಿಹೋಗುತ್ತದೆ. ಪೈನ್ ಮರದ ಪರಾಗದ ಒಂದೊಂದು ಕಣಕ್ಕೂ ಎರಡು ಗಾಳಿಚೀಲಗಳುಂಟು. ಹೆಣ್ಣು ಶಂಕುವಿನಲ್ಲಿ ಹುರುಪೆಯಂಥ ಎಸಳುಗಳು ಒಂದರ ಮೇಲೊಂದು ಸುತ್ತಿಕೊಂಡಿರುತ್ತವೆ. ಒಂದೊಂದು ಎಸಳಿನ ಮೇಲೆ ಎರಡೆರಡು ಅಂಡಕಗಳು ಕುಳಿತಿರುತ್ತವೆ. ಅಂಡಕವೆಂದರೆ ಮುಂದೆ ಬೀಜವಾಗತಕ್ಕ ಮೊಗ್ಗು. ಮಾವು, ಹಲಸು, ತೆಂಗುಗಳಲ್ಲಿ ಈ ಅಂಡಕವು ಹೂವಿನ ಗರ್ಭಕೋಶದ ಒಳಗೆ ಭದ್ರವಾಗಿ ಮುಚ್ಚಿಕೊಂಡಿರುತ್ತದೆ. ಪೈನ್ ಜಾತಿಯಲ್ಲಿ ಅಂಥ ಕೋಶವಿಲ್ಲ; ಅಂಡಕ ತೆರೆದೇ ಇರುತ್ತದೆ. ಆದುದರಿಂದಲೇ ಇವಕ್ಕೆ ಅನಾವೃತಬೀಜ ಸಸ್ಯಗಳೆಂದು ಹೆಸರು.

ಪರಾಗ ಹಾರುವ ಕಾಲಕ್ಕೆ ಹೆಣ್ಣು ಶಂಕುವಿನ ಎಸಳುಗಳು ತುಸು ಬಿಚ್ಚಿಕೊಳ್ಳುತ್ತವೆ. ಪೈನ್ ಮರದಲ್ಲಿ ಅಂಡಕದ ತುದಿಯ ಸಣ್ಣ ಬಾಯಲ್ಲಿ ಒಂದು ಹನಿ ದ್ರವ ಒಸರುತ್ತದೆ. ಗಾಳಿಯಲ್ಲಿ ತೇಲಿ ಬಂದ ಪರಾಗ ಆ ಹನಿಗೆ ಅಂಟುತ್ತದೆ. ಹನಿ ಒಳಕ್ಕೆ ಇಂಗಿದಂತೆ ಪರಾಗವೂ ಒಳಗೆ ಸೇರುತ್ತದೆ; ಎಸಳುಗಳು ಮತ್ತೆ ಮುಚ್ಚಿಕೊಳ್ಳುತ್ತವೆ. ಮುಂದಿನದೆಲ್ಲ ಬಹಳ ನಿಧಾನ. ಪರಾಗದಿಂದ ಹೊರಟ ಸೂಕ್ಷ್ಮನಾಳವು ಅಂಡಾಣುವನ್ನು ಮುಟ್ಟಿ ಗರ್ಭಧಾರಣೆ ಆಗುವುದಕ್ಕೆ ಸುಮಾರು ಒಂದು ವರ್ಷವೇ ಬೇಕು. ಎಳೆಯ ಸಸಿಗೆ ಆಹಾರ ಒದಗಿಸುವ ಅಂಗಾಂಶ ಮಾತ್ರ ಗರ್ಭಧಾರಣೆಗೆ ಮೊದಲೇ ಸಿದ್ಧವಾಗಿರುತ್ತದೆ. ತೆಂಗಿನ ಕಾಯಿಯಲ್ಲಾದರೆ ತಿರುಳು ರೂಪುಗೊಳ್ಳುವುದು ಗರ್ಭಧಾರಣೆಯ ಬಳಿಕ. ಪೈನ್ ಮರದಲ್ಲಿ ತಾಯಿಯ ಕಡೆಯ ಬುತ್ತಿಯ ಚೀಲ ಮುಂಚೆಯೇ ಹೊಲಿದಿದ್ದು, ಬೀಜ ಬಲಿತಂತೆ ಅದು ತುಂಬುತ್ತದೆ. ನಾವು ಚಿಲ್ಗೋಜಾ ಎಂದು ತಿನ್ನುವುದು ಬಹುಮಟ್ಟಿಗೆ ಆ ಬುತ್ತಿಯನ್ನೇ. ಶಂಕು ಮರದಂತೆ ಗಟ್ಟಿಯಾಗಿ, ಒಣಗಿ, ಬಿರಿದು ಬೀಜ ಹೊರಗೆ ಬರುವ ಹೊತ್ತಿಗೆ ಪರಾಗ ಬಂದು ಎರಡು ವರ್ಷಗಳಷ್ಟು ಕಾಲ ಕಳೆದಿರುತ್ತದೆ.

ಈ ವ್ಯವಸ್ಥೆಯಲ್ಲಿ ಒಂದು ತೊಡಕು ಉಂಟು. ಅಂಡಕದ ಹನಿಗೆ ಗಾಳಿಯಲ್ಲಿ ಬರುವುದೆಲ್ಲ ಅಂಟುತ್ತದೆ. ಸ್ವಂತ ಜಾತಿಯ ಪರಾಗವೂ ಅಂಟುತ್ತದೆ, ಪಕ್ಕದ ಕಾಡಿನ ಬೇರೆ ಮರದ ಪರಾಗವೂ ಅಂಟುತ್ತದೆ. ಕೇಂಬ್ರಿಜ್ಜಿನ ಯುವಕ ಸಾಹನಿಯವರ ದೃಷ್ಟಿ ಬಿದ್ದದ್ದು ಇಲ್ಲಿಯೇ. ಚೀನ ದೇಶದಲ್ಲಿ ಉಳಿದುಬಂದ ಗಿಂಕ್ಗೊ ಎಂಬ ಪುರಾತನ ಮರವನ್ನು ಅವರು ಪರೀಕ್ಷಿಸುತ್ತಿದ್ದರು. ಅದು ಶಂಕು ಬಿಡುವ ಮರವಲ್ಲವಾದರೂ ಅದರ ಅಂಡಕವೂ ತೆರೆದದ್ದೇ, ಪರಾಗವನ್ನು ಹಿಡಿಯುವುದೂ ಅಂಥ ಹನಿಯಿಂದಲೇ. ಪರಾಗದಿಂದ ಹೊರಟ ಪುರುಷಾಣು ಈಜಿಕೊಂಡು ಅಂಡಾಣುವಿನ ಬಳಿಗೆ ಹೋಗುವುದೆಂದು ಜಪಾನಿನ ಹಿರಾಸೆ 1896ರಲ್ಲಿ ಕಂಡುಹಿಡಿದದ್ದು ಈ ಮರದಲ್ಲಿಯೇ. ಸಾಹನಿಯವರು ಗಿಂಕ್ಗೊ ಅಂಡಕಗಳನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದಾಗ, ಒಳಗೆ ಗಿಂಕ್ಗೊವಿಗೆ ಸೇರದ ಪರಾಗಕಣಗಳು ಕಂಡವು. 1915ರಲ್ಲಿ ಈ ವಿಷಯವನ್ನು ಪ್ರಕಟಿಸಿದರು. ಅದು ಅವರ ಆರಂಭದ ಲೇಖನಗಳಲ್ಲೊಂದು.

ನೋಡುವುದಕ್ಕೆ ಸಣ್ಣ ಸಂಗತಿ. ಆದರೆ ಪುರಾತನ ಸಸ್ಯಗಳನ್ನು ಓದುವವರಿಗೆ ಅದು ಎಚ್ಚರಿಕೆಯ ಗಂಟೆಯಾಯಿತು. ಕಲ್ಲಿನಲ್ಲಿ ಇಡೀ ಮರ ಸಿಗುವುದು ಅಪರೂಪ. ಕಾಂಡ ಒಂದು ಕಡೆ, ಎಲೆ ಇನ್ನೊಂದು ಕಡೆ, ಬೀಜ ಮತ್ತೊಂದು ಕಡೆ ಸಿಗುತ್ತವೆ. ಒಂದೊಂದಕ್ಕೂ ಬೇರೆ ಬೇರೆ ಹೆಸರಿಟ್ಟು, ಯಾವ ಬೀಜ ಯಾವ ಮರದ್ದೆಂದು ಆಮೇಲೆ ಹೊಂದಿಸಬೇಕು. 1903ರಲ್ಲಿ ಇಂಗ್ಲೆಂಡಿನ ಆಲಿವರ್ ಮತ್ತು ಸ್ಕಾಟ್ ಎಂಬ ವಿದ್ವಾಂಸರು ಕಲ್ಲಿದ್ದಲಿನ ಯುಗದ ಒಂದು ಬೀಜವನ್ನೂ ಜರಿಗಿಡದಂಥ ಒಂದು ಸಸ್ಯವನ್ನೂ, ಎರಡರ ಮೇಲೂ ಇದ್ದ ಒಂದೇ ಬಗೆಯ ಗ್ರಂಥಿಗಳ ಸಾಕ್ಷಿಯಿಂದ, ಒಂದೇ ಗಿಡದ ಭಾಗಗಳೆಂದು ತೋರಿಸಿದ್ದರು. ಬೀಜದೊಳಗೆ ಸಿಕ್ಕ ಪರಾಗವನ್ನೂ ಹೀಗೆಯೇ ಸಾಕ್ಷಿಯಾಗಿ ಹಿಡಿಯಬಹುದಲ್ಲ ಎಂಬ ಆಸೆ ಸಹಜ. ಆ ಸಾಕ್ಷಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲವೆಂದು ಸಾಹನಿಯವರು ಜೀವಂತ ಮರದಿಂದಲೇ ತೋರಿಸಿದರು. ಒಳಗೆ ಸಿಕ್ಕಿತೆಂದ ಮಾತ್ರಕ್ಕೆ ಅದು ಆ ಮನೆಯದೇ ಎನ್ನಲಾಗದು. ಈ ಪಾಠ ಅವರ ಜೀವನದಲ್ಲಿ ಮುಂದೆ ಎರಡು ಬಾರಿ ತಿರುಗಿ ಬಂದಿತು. ಒಮ್ಮೆ ಕೀರ್ತಿಯಾಗಿ, ಒಮ್ಮೆ ಪರೀಕ್ಷೆಯಾಗಿ.

1919ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಡಿ.ಎಸ್‌ಸಿ. ಪಡೆದು ಸಾಹನಿಯವರು ಸ್ವದೇಶಕ್ಕೆ ಮರಳಿದರು. ಮೊದಲು ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿಯೂ ಬಳಿಕ ಲಾಹೋರಿನಲ್ಲಿಯೂ ಅಧ್ಯಾಪಕರಾಗಿದ್ದು, 1921ರಲ್ಲಿ ಲಖನೌ ವಿಶ್ವವಿದ್ಯಾನಿಲಯದ ಮೊದಲ ಸಸ್ಯಶಾಸ್ತ್ರ ಪ್ರಾಧ್ಯಾಪಕರಾದರು. ಅಲ್ಲಿಂದ ಕೊನೆಯವರೆಗೂ ಲಖನೌ ಅವರ ಊರು. 1920ರಲ್ಲಿ ಸಾವಿತ್ರಿದೇವಿಯವರೊಡನೆ ವಿವಾಹವಾಯಿತು. ಬೆಟ್ಟಗುಡ್ಡಗಳ ಸಂಚಾರದಲ್ಲಿ ಆ ಸಾಧ್ವಿ ಗಂಡನ ಜೊತೆಗೇ ಹೋಗುತ್ತಿದ್ದರು. ಖಾದಿಯ ಉಡುಪು, ಮಿತವಾದ ಮಾತು, ಅಚ್ಚುಕಟ್ಟಾದ ಕೆಲಸ, ಇವು ಸಾಹನಿಯವರ ಗುರುತುಗಳು.

ಅದೇ 1920ರಲ್ಲಿ ಟ್ಯಾಕ್ಸಸ್ ಮರದ ಬೀಜವನ್ನು ಕುರಿತು ಅವರ ಲೇಖನವೊಂದು ಪ್ರಕಟವಾಯಿತು. ಹಿಮಾಲಯದಲ್ಲಿಯೂ ಇರುವ ಈ ಜಾತಿಯ ಮರಕ್ಕೆ ಎಲೆ ಪೈನಿನಂತೆ ಸೂಜಿಯಾಗಿದ್ದರೂ ಬೀಜದ ಶಂಕುವಿಲ್ಲ. ಒಂಟಿ ಬೀಜದ ಸುತ್ತ ಕೆಂಪಾದ ಮೆತ್ತನೆಯ ಬಟ್ಟಲು ಬೆಳೆಯುತ್ತದೆ. ಈ ಬೀಜದಲ್ಲಿ ಬಹಳ ಪುರಾತನವಾದ ಲಕ್ಷಣಗಳನ್ನು ಕಂಡ ಸಾಹನಿಯವರು, ಟ್ಯಾಕ್ಸಸ್ ಮತ್ತು ಅದರ ಬಂಧುಗಳನ್ನು ಶಂಕುಮರಗಳ ಗುಂಪಿನಿಂದ ಬೇರ್ಪಡಿಸಬೇಕೆಂದು ವಾದಿಸಿದರು. ಬಹುಕಾಲ ಅನೇಕ ಪಂಡಿತರು ಇದನ್ನು ಒಪ್ಪಿದ್ದರು. ಈಚಿನ ಆನುವಂಶಿಕ ಪರೀಕ್ಷೆಗಳು ಆ ಮರವನ್ನು ಮತ್ತೆ ಶಂಕುಮರಗಳ ಮನೆಗೇ ಸೇರಿಸಿವೆ.

ಭಾರತದ ಶಿಲೆಗಳಲ್ಲಿ ಸಿಕ್ಕಿದ್ದ ಶಂಕುಮರಗಳ ಅವಶೇಷಗಳನ್ನೆಲ್ಲ ಹೊಸದಾಗಿ ಪರಿಶೀಲಿಸಿ 1928ರಲ್ಲಿಯೂ 1931ರಲ್ಲಿಯೂ ಎರಡು ಭಾಗಗಳಾಗಿ ಪ್ರಕಟಿಸಿದರು. ಬಿಹಾರದ, ಇಂದಿನ ಝಾರ್ಖಂಡದ, ರಾಜಮಹಲ ಬೆಟ್ಟಗಳು ಅವರಿಗೆ ಎರಡನೆಯ ಮನೆಯಾದವು. ಅಲ್ಲಿ ದೊರೆತ ಒಂದು ಶಿಲಾಸಸ್ಯಕ್ಕೆ 1932ರಲ್ಲಿ ಗುರು ಸೀವರ್ಡರ ಹೆಸರಿಟ್ಟರು. 1936ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. 1940ರಲ್ಲಿ ಮದರಾಸಿನಲ್ಲಿ ಕೂಡಿದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿಗೆ ಅಧ್ಯಕ್ಷರಾದರು. ರೋಹತಕದ ಬಳಿ ಸಿಕ್ಕ ಹಳೆಯ ನಾಣ್ಯದ ಅಚ್ಚುಗಳನ್ನು ಕುರಿತು ಬರೆದ ಗ್ರಂಥ ನಾಣ್ಯಶಾಸ್ತ್ರಜ್ಞರ ಮನ್ನಣೆಯನ್ನೂ ತಂದಿತು.

ಕನ್ನಡ ನಾಡಿಗೂ ಅವರ ಕೆಲಸಕ್ಕೂ ಒಂದು ನಂಟುಂಟು. ಮುಂಬಯಿ ಪುಣೆಗಳಿಂದ ಹಿಡಿದು ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರುಗಳವರೆಗೆ ಹಾಸಿರುವ ಕಪ್ಪುಕಲ್ಲು ಪುರಾತನ ಜ್ವಾಲಾಮುಖಿಯ ಲಾವಾರಸ. ಅದರ ವಯಸ್ಸನ್ನು ಕುರಿತು ಆಗ ದೊಡ್ಡ ವಿವಾದ ನಡೆದಿತ್ತು. ಪದರಗಳ ನಡುವೆ ಸಿಕ್ಕ ಸಸ್ಯಗಳ ಆಧಾರದಿಂದ, ಅದು ಭೂವಿಜ್ಞಾನಿಗಳು ಎಣಿಸಿದುದಕ್ಕಿಂತ ಈಚಿನದೆಂದು ಸಾಹನಿಯವರು ವಾದಿಸಿದರು. ಈ ಪ್ರಶ್ನೆಯನ್ನು ಕುರಿತ ಅವರ ಲೇಖನವೊಂದು 1934ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬಂದಿತು. ಆ ಲಾವಾರಸ ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ, ಎರಡು ಯುಗಗಳ ಗಡಿಯಲ್ಲಿ, ಗಡಿಯ ಎರಡು ಕಡೆಗೂ ಹರಿಯಿತೆಂದು ಈಗ ತಿಳಿದಿದೆ.

ಇನ್ನು ಮೊದಲು ಹೇಳಿದ ಕೀರ್ತಿಯ ಸಂಗತಿ. ರಾಜಮಹಲ ಬೆಟ್ಟಗಳ ನಿಪನಿಯಾ ಎಂಬ ಹಳ್ಳಿಯ ಬಳಿ ಕಲ್ಲಾದ ಕಾಂಡ, ಎಲೆ, ಬೀಜಗುಚ್ಛಗಳು ದೊರೆತಿದ್ದವು. ಶಿಷ್ಯರಾದ ಶ್ರೀವಾಸ್ತವರು ಕಾಂಡವನ್ನು ವರ್ಣಿಸಿ ಗುರುಗಳ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಕಾಂಡದ ಒಳಗೆ ಮರದ ಐದು ಕಂಬಗಳು ವೃತ್ತಾಕಾರವಾಗಿ ನಿಂತಂತೆ ಇದ್ದುದರಿಂದ ಪೆಂಟಾಕ್ಸಿಲಾನ್ ಎಂಬ ಹೆಸರು. ಈ ಚೂರುಗಳ ಒಳರಚನೆಯನ್ನು ವರ್ಷಗಟ್ಟಲೆ ಹೋಲಿಸಿ ನೋಡಿದ ಸಾಹನಿಯವರು, ಇವು ಒಂದೇ ಬಗೆಯ ಸಸ್ಯದ ಅಂಗಗಳೆಂದು 1948ರಲ್ಲಿ ಸಾರಿದರು. ಹಿಪ್ಪುನೇರಳೆ ಹಣ್ಣನ್ನು ಹೋಲುವ ಗುಚ್ಛದಲ್ಲಿ ಅದರ ಬೀಜಗಳು ಒತ್ತಾಗಿ ಕುಳಿತಿದ್ದವು. ಎಸಳು ಜೋಡಿಸಿದ ಶಂಕುವಿಲ್ಲ. ಈಗಿನ ಯಾವ ಗುಂಪಿಗೂ ಅದು ಸರಿಯಾಗಿ ಹೊಂದುವುದಿಲ್ಲ. 11 ಕೋಟಿ ವರ್ಷಗಳಿಗೂ ಹಿಂದೆ ನಮ್ಮ ನೆಲದಲ್ಲಿ ಬೆಳೆದು ಅಳಿದುಹೋದ ಅನಾವೃತಬೀಜಗಳ ಒಂದು ಕುಲವೇ ಹೀಗೆ ಬೆಳಕಿಗೆ ಬಂದಿತು. ಯಾವುದು ಯಾವುದಕ್ಕೆ ಸೇರಿದ್ದೆಂಬ ಪ್ರಶ್ನೆಗೆ ಅವಸರಪಡದೆ ಉತ್ತರ ಹುಡುಕಿದ್ದರ ಫಲವಿದು.

ಪರೀಕ್ಷೆ ಬಂದದ್ದು ಅವರ ಹುಟ್ಟೂರಿನ ಕಡೆಯಿಂದಲೇ. ಭೇರಾದಿಂದ ದೂರವಲ್ಲದ ಖೇವಡಾದ ಉಪ್ಪಿನ ಬೆಟ್ಟಗಳು ಎಷ್ಟು ಹಳೆಯವೆಂಬ ವಾದ 1940ರ ದಶಕದಲ್ಲಿ ಕಾವೇರಿತು. ಸಾಹನಿಯವರು ಉಪ್ಪನ್ನೂ ಅದರ ಜೊತೆಯ ಪದರಗಳನ್ನೂ ಕರಗಿಸಿ, ಸೋಸಿ ನೋಡಿದಾಗ ಮರದ ನಾರುಗಳೂ ಕೀಟದ ಚೂರುಗಳೂ ಸಿಕ್ಕವು. ಆದುದರಿಂದ ಉಪ್ಪು ಭೂಮಿಯ ಇತಿಹಾಸದಲ್ಲಿ ಬಹಳ ಈಚಿನದೆಂದು ತೀರ್ಮಾನಿಸಿದರು. ಹೊರಗಿನ ಧೂಳು ಬೆರೆತಿರಬಹುದೆಂಬ ಆಕ್ಷೇಪ ಬಾರದಿರಲಿಲ್ಲ. ಅದನ್ನು ಅವರೂ ಅರಿತಿದ್ದರು, ಎಚ್ಚರಿಕೆಯನ್ನೂ ವಹಿಸಿದ್ದರು. ಆದರೂ ಕಾಲಕ್ರಮದಲ್ಲಿ ಭೂವಿಜ್ಞಾನದ ಸಾಕ್ಷಿ ಅವರ ವಿರುದ್ಧ ನಿಂತಿತು. ಆ ಉಪ್ಪು 50 ಕೋಟಿ ವರ್ಷಗಳಿಗಿಂತ ಹಳೆಯದು. ನೆಲದ ಮೇಲೆ ಮರವೂ ಕೀಟವೂ ಇರದಿದ್ದ ಕಾಲದ್ದು. ಗಿಂಕ್ಗೊ ಅಂಡಕದಲ್ಲಿ ಹೊರಗಿನ ಪರಾಗವನ್ನು ಗುರುತಿಸಿ ಲೋಕವನ್ನು ಎಚ್ಚರಿಸಿದವರೇ ಉಪ್ಪಿನೊಳಗೆ ಹೊರಗಿನಿಂದ ಬಂದದ್ದನ್ನು ಒಳಗಿನದೆಂದು ಎಣಿಸಿದರು. ಇದನ್ನು ಮುಚ್ಚಿಡುವುದರಿಂದ ಆ ಮಹನೀಯರಿಗೆ ಗೌರವ ಹೆಚ್ಚುವುದಿಲ್ಲ. ಇಷ್ಟು ಬಲ್ಲವರೂ ತಪ್ಪಬಹುದಾದಷ್ಟು ಆ ಕೆಲಸ ಕಠಿಣವೆಂದು ನಾವು ತಿಳಿಯಬೇಕು.

ಕೊನೆಯ ವರ್ಷಗಳಲ್ಲಿ ಸಾಹನಿಯವರ ಮನಸ್ಸೆಲ್ಲ ಒಂದು ಸಂಸ್ಥೆಯ ಮೇಲೆ ನೆಟ್ಟಿತ್ತು. ಪುರಾತನ ಸಸ್ಯಗಳ ಅಧ್ಯಯನಕ್ಕೇ ಮೀಸಲಾದ ಸಂಸ್ಥೆ ಲಖನೌದಲ್ಲಿ ನೆಲೆಗೊಳ್ಳಬೇಕೆಂದು, ದಂಪತಿಗಳು ತಮ್ಮ ಉಳಿತಾಯವನ್ನೂ ಗ್ರಂಥಗಳನ್ನೂ ಶಿಲಾಸಸ್ಯಗಳ ಸಂಗ್ರಹವನ್ನೂ ಒಪ್ಪಿಸಿಬಿಟ್ಟರು. 1946ರಲ್ಲಿ ಸಂಸ್ಥೆ ಹುಟ್ಟಿತು. ಮರುವರ್ಷ ದೇಶ ಇಬ್ಭಾಗವಾಗಿ, ಹುಟ್ಟಿದ ಭೇರಾವೂ ಓದಿದ ಲಾಹೋರೂ ಪರದೇಶವಾದವು. 1948ರಲ್ಲಿ ತಂದೆಯೂ ತೀರಿಕೊಂಡರು. ಕೆಲಸ ನಿಲ್ಲಲಿಲ್ಲ. ಹೊಸ ಕಟ್ಟಡದ ಅಡಿಗಲ್ಲನ್ನು ಸಾಹನಿಯವರು ತಾವೇ ರೂಪಿಸಿದರು: ನಾನಾ ದೇಶಗಳ, ನಾನಾ ಯುಗಗಳ 77 ಶಿಲಾಸಸ್ಯಗಳನ್ನು ಅದರಲ್ಲಿ ಹುದುಗಿಸಿದ್ದರು. 1949ನೆಯ ಇಸವಿ ಏಪ್ರಿಲ್ 3ರಂದು ಪ್ರಧಾನಿ ನೆಹರೂ ಅವರು ಅದನ್ನು ನೆಟ್ಟರು.

ಒಂದು ವಾರ ಕಳೆಯಿತು. ಏಪ್ರಿಲ್ 10ರಂದು ಸಾಹನಿಯವರು ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 57 ವರ್ಷ. ಸಂಸ್ಥೆಯನ್ನು ಪೋಷಿಸಬೇಕೆಂದು ಪತ್ನಿಗೆ ಹೇಳಿ ಕಣ್ಣುಮುಚ್ಚಿದರೆಂದು ಹೇಳುತ್ತಾರೆ. ಅವರ ಸಮಾಧಿ ಆ ಸಂಸ್ಥೆಯ ಆವರಣದಲ್ಲಿಯೇ ಇದೆ.

ಅಡಿಗಲ್ಲೊಂದೇ ಇದ್ದು ಕಟ್ಟಡವಿಲ್ಲದ ಆ ದಿನಗಳಲ್ಲಿ ಎಲ್ಲವೂ ನಿಂತುಹೋಗಬಹುದಿತ್ತು. ಸಾವಿತ್ರಿದೇವಿಯವರು ಹಾಗಾಗಲು ಬಿಡಲಿಲ್ಲ. ಗಂಡನ ಹೊಣೆಯನ್ನು ತಲೆಯ ಮೇಲೆ ಹೊತ್ತು, ಹಣ ಕೂಡಿಸಿ, ಕಟ್ಟಡವನ್ನು ಮುಗಿಸಿದರು. 1953ರ ಜನವರಿಯಲ್ಲಿ ನೆಹರೂ ಅವರೇ ಬಂದು ಅದನ್ನು ತೆರೆದರು. ಮುಂದೆಯೂ ಬಹುಕಾಲ ಆ ತಾಯಿ ಸಂಸ್ಥೆಯನ್ನು ಸಲಹಿದರು. 1969ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಸಂಸ್ಥೆ ಇಂದಿಗೂ ಸಾಹನಿಯವರ ಹೆಸರಿನಲ್ಲಿ ಕೆಲಸ ಮಾಡುತ್ತಿದೆ. ಗಾಳಿ ತಂದಿಟ್ಟ ಪರಾಗ ಬೀಜವಾಗುವುದಕ್ಕೆ ಪೈನ್ ಮರ ವರ್ಷಗಟ್ಟಲೆ ಅದನ್ನು ಒಳಗಿಟ್ಟುಕೊಂಡು ಸಾಕುತ್ತದೆಯಲ್ಲ, ಆ ನಿಧಾನ ಸಾವಿತ್ರಿದೇವಿಯವರ ಬಾಳಿನಲ್ಲಿ ನಮಗೆ ಕಾಣುತ್ತದೆ.

ಊರು ಬಿಟ್ಟು ಬಂದು ದೂರದಲ್ಲಿ ಸಂಘ ಕಟ್ಟಿಕೊಂಡಿರುವ ನಮಗೆ ಈ ಕಥೆ ಹತ್ತಿರದ್ದಾಗಿ ತೋರುತ್ತದೆ. ನಮ್ಮ ಸಂಘಗಳನ್ನು ಹುಟ್ಟುಹಾಕಿದ ಹಿರಿಯರಲ್ಲಿಯೂ ಕಟ್ಟಡ ಏಳುವುದನ್ನು ನೋಡದೆ ಹೋದವರಿದ್ದಾರೆ. ಅವರ ಮನೆಯವರು ಆ ಭಾರವನ್ನು ಸದ್ದಿಲ್ಲದೆ ಹೊತ್ತಿದ್ದಾರೆ. ಮುಂದಿನ ಸಲ ವಾಚಕರು ಶಿಮ್ಲಾ, ಮಸ್ಸೂರಿಗಳ ಕಡೆಗೆ ಹೋದಾಗ ಮಕ್ಕಳ ಕೈಗೆ ನೆಲದ ಮೇಲೆ ಬಿದ್ದ ಒಂದು ಪೈನ್ ಶಂಕುವನ್ನು ಕೊಡಲಿ. ಎಸಳುಗಳನ್ನು ಬಿಡಿಸಿ ಬೀಜ ಕುಳಿತಿದ್ದ ಜಾಗವನ್ನು ತೋರಿಸಲಿ. ಅದರ ಕಥೆಯನ್ನು ಕನ್ನಡದಲ್ಲಿಯೇ ಹೇಳಲಿ. ಲಾಲಾ ರುಚಿರಾಮರಿಗೂ ಅವರ ಮಗನಿಗೂ ಅದಕ್ಕಿಂತ ಒಪ್ಪುವ ಸ್ಮರಣೆ ಬೇರೆ ಬೇಕಿಲ್ಲವೆಂದು ನಾವು ಭಾವಿಸುತ್ತೇವೆ.